ಹಿಂದಕ್ಕೆ ಮುಖ ಮಾಡಿ ಕೂತವನು

ನಮ್ಮ ಮನೆಯಲ್ಲಿ ಸಂಜೆಯ ಜಪಸರ ಮುಗಿದ ಮೇಲೆ ಎರಡು ಪಟ್ಟಿ ಓದುತ್ತೇವೆ. ಮೊದಲು ಪರಸ್ಥಳದಲ್ಲಿ ದುಡಿಯುವವರ ಹೆಸರುಗಳು, ಆಮೇಲೆ ತೀರಿಕೊಂಡವರದ್ದು. ಉಡುಪಿ ಕಡೆಯ ನಮ್ಮಂಥ ಕ್ಯಾಥೊಲಿಕರಲ್ಲಿ ಮೊದಲನೆಯದೇ ಉದ್ದ. ಅದರ ಆರಂಭದಲ್ಲಿರುವುದು ನನ್ನ ಅಜ್ಜಿಯ ಅಣ್ಣ. ಎರಡನೇ ಮಹಾಯುದ್ಧಕ್ಕೆ ಹೋದವನು ಇನ್ನೂ ಪರಸ್ಥಳದಲ್ಲೇ ಇದ್ದಾನೆ! ಅಬುಧಾಬಿಗೆ ಬಂದು ಇಪ್ಪತ್ತು ವರ್ಷವಾದರೂ ನಾನು ಹಾಗೆಯೇ ಓದುತ್ತಿದ್ದೆ.

ಕಳೆದ ಚಳಿಗಾಲದಲ್ಲಿ ನನ್ನ ಹದಿನೇಳು ವರ್ಷದ ಮಗ ಊಟದ ಮೇಜಿನ ಮೇಲೆ ಒಂದು ಫಾರಂ ಇಟ್ಟ. ಭಾರತದ ವಾಯುಪಡೆಗೆ ಸೇರಲು ಅರ್ಜಿ. ಹೆತ್ತವರ ಸಹಿ ಬೇಕು. ಅವನಪ್ಪ ದುಬೈಯಲ್ಲಿ ಕೆಲಸದಲ್ಲಿದ್ದವರು, ಫೋನಿನಲ್ಲಿ, "ನೀನೇ ನೋಡು ಮಾರಾಯ್ತಿ" ಎಂದು ಜಾರಿಕೊಂಡರು. ನಾನು ನರ್ಸ್, ರಕ್ತ ಕಂಡು ಹೆದರುವವಳಲ್ಲ. ಆ ಕಾಗದ ಕಂಡು ಹೆದರಿದೆ. ನಮ್ಮ ಹಮ್ದಾನ್ ಸ್ಟ್ರೀಟಿನ ಮೇಲೆ ವಿಮಾನದ ಸದ್ದಾದರೂ ಕಿಟಕಿ ಮುಚ್ಚುತ್ತಿದ್ದೆ. ಏಸಿಯಲ್ಲಿ ಬೆಳೆದ, ಬೆಳಿಗ್ಗೆ ಮೂರು ಸಲ ಕರೆದರೂ ಏಳದ ಈ ಮಹಾರಾಯ ಯುದ್ಧಕ್ಕೆ ಹೋಗುತ್ತಾನಂತೆ.

ನಾಲ್ಕನೇ ದಿನ ಒಂದು ಉಪಾಯ ಮಾಡಿದೆ. ಅಜ್ಜಿಯ ಅಣ್ಣನ ಹೆಸರನ್ನು ಸತ್ತವರ ಜೊತೆ ಓದಿದೆ.

"ಮಮ್ಮಾ, ರಾಂಗ್ ಲಿಸ್ಟ್" ಎಂದ ಮಗ.

"ಇಷ್ಟು ವರ್ಷ ಓದಿದ್ದೇ ರಾಂಗ್. ಕೂತ್ಕೋ, ಹೇಳ್ತೇನೆ."

ಹೇಳಿದೆ, ಹೆದರಿಸಲೆಂದೇ ಹೇಳಿದೆ. ಆತ ಹಾಡುಗಾರ, ಇಸ್ಪೀಟಿನಲ್ಲಿ ಮೋಸ ಮಾಡಿ ತಾನೇ ನಗುತ್ತಿದ್ದವನು. ವಾಯುಪಡೆಯಲ್ಲಿ ಬಂದೂಕು ತೊಳೆಯುವ ಕೆಲಸಕ್ಕೆ ಸೇರಿ, ತಾನಾಗಿ ಕೇಳಿ ಬಾಂಬರ್ ಹತ್ತಿದ. ಇಬ್ಬರೇ ಕೂರುವ ವಿಮಾನ. ಈತ ಗನ್ನರ್, ಬಂದೂಕು ಹಿಡಿಯುವವನು. ಗನ್ನರ್ ಪೈಲಟ್‌ಗೆ ಬೆನ್ನು ಕೊಟ್ಟು ಹಿಂದಕ್ಕೆ ಮುಖ ಮಾಡಿ ಕೂರಬೇಕು. ಮುಂದೇನು ಬರುತ್ತದೆಂದು ಅವನಿಗೆ ಕಾಣುವುದೇ ಇಲ್ಲ. ಬರ್ಮಾ ಕಡೆಯಿಂದ ಹಿಂತಿರುಗುವಾಗ ಎಂಜಿನ್‌ಗೆ ಬೆಂಕಿ ಬಿದ್ದು, ವಿಮಾನ ಸಮುದ್ರಕ್ಕೆ ಬಿತ್ತು. ಅವನಿಗಾಗ ಇಪ್ಪತ್ತೊಂದು ವರ್ಷ. ಮುಂದೆ ಹಾರುತ್ತಿದ್ದ ವಿಮಾನದಲ್ಲಿದ್ದ ಗೆಳೆಯ ಯುದ್ಧ ಮುಗಿದ ಮೇಲೆ ಮನೆಗೆ ಬಂದು ಕಂಡದ್ದನ್ನು ಹೇಳಿದ. ತಾಯಿ ಅವನಿಗೆ ಊಟ ಬಡಿಸಿ, "ಅಷ್ಟು ದೂರದಿಂದ ನನ್ನ ಮಗನ ಮುಖ ಕಂಡ್ಯಾ ನೀನು?" ಎಂದು ಕೇಳಿದಳು. ಇಲ್ಲ ಎಂದ. ಹಾಗಾದರೆ ಸತ್ತವರ ಪೂಜೆ ಬೇಡ ಎಂದಳು. ಸಾಯುವವರೆಗೂ ಪರಸ್ಥಳದ ಪಟ್ಟಿಯಲ್ಲೇ ಅವನ ಹೆಸರು ಓದಿದಳು.

ಮಗನ ಮುಖ ಬಿಳಿಚಿತ್ತು. ಗೆದ್ದೆ ಅಂದುಕೊಂಡೆ, ಅದೂ ಒಂದು ಗಳಿಗೆ.

"ಐ ಆಮ್ ಸ್ಕೇರ್ಡ್, ಮಮ್ಮಾ. ಫಾರಂ ತಂದ ದಿನದಿಂದ ನಿದ್ದೆ ಬರ್ಲಿಲ್ಲ. ಪಪ್ಪಾಗೆ ಹೇಳ್ಬೇಡ."

"ಮತ್ತೆ ಯಾಕೆ ಹೋಗ್ತಿ? ಬಿಟ್ಟುಬಿಡು, ಖಲಾಸ್."

"ಹೋಗ್ಬೇಕು ಅಂತ ಉಂಟು."

ಧೈರ್ಯ ಕೊಚ್ಚಿಕೊಂಡಿದ್ದರೆ ಜಗಳಾಡಿ ಸೋಲಿಸುತ್ತಿದ್ದೆ, ಬಾಯಿಯಲ್ಲಿ ನಾನೇನು ಕಡಿಮೆಯವಳಲ್ಲ. ಆದರೆ ಅವನು ನನ್ನಷ್ಟೇ ಹೆದರಿದ್ದ, ಒಬ್ಬನೇ ಹೆದರಿದ್ದ. ನಾನು ಆ ಹೆದರಿಕೆಯನ್ನು ಇನ್ನಷ್ಟು ಹೆಚ್ಚಿಸಿದ್ದೆ.

ಪೆನ್ನು ಕೇಳಿದೆ. ಸಹಿ ಸೊಟ್ಟಗಾಯಿತು. ಅವನ ಕೈ ಹಿಡಿದುಕೊಂಡೆ.