ಸವುಳು ನೀರಿನಲ್ಲಿ ಅವರೆಕಾಳು

ನಾನು ಓದಿದ್ದು ಮೂರನೇ ಕ್ಲಾಸು. ಬೆತ್ತದ ವಿಷಯದಲ್ಲಿ ಮೇಷ್ಟರಿಗೂ ನನಗೂ ಹೊಂದಿಕೆಯಾಗಲಿಲ್ಲ. ಒಂದು ದಿನ ಸ್ಲೇಟನ್ನು ಅವರ ಮೇಜಿನ ಮೇಲಿಟ್ಟು, ಇನ್ನು ನೀವೇ ಬರೆದುಕೊಳ್ಳಿ ಎಂದು ಹೇಳಿ ಬಂದುಬಿಟ್ಟೆ. ಆಮೇಲೆ ಕಲಿತದ್ದೆಲ್ಲ ನೆಲದ ಕೆಳಗೆ. ಬಾವಿ ತೋಡಿ ಕಲ್ಲು ಕಟ್ಟುವುದು ನನ್ನ ಕಸುಬು. ಕೊರಟಗೆರೆ, ಮಧುಗಿರಿ ಸೀಮೆಯಲ್ಲಿ ನಾನು ಕಟ್ಟಿದ ಬಾವಿಗಳಲ್ಲಿ ಇವತ್ತಿಗೂ ಒಂದು ಕಲ್ಲು ಜರುಗಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬಕ್ಕೇ ಅಂತ ಇಟ್ಟುಕೊಂಡರೂ ನನ್ನದೇನೂ ಅಡ್ಡಿಯಿಲ್ಲ, ಮೊದಲು ಬಾವಿಗೆ ಇಳಿದು ನೋಡಿ ಬಂದು ಆಮೇಲೆ ಮಾತಾಡಿ.

ನಮ್ಮದು ಐದು ಜನರ ಗುಂಪು. ಬಾವಿ ತೋಡುವ ಕಡೆಯೇ ಗುಡಿಸಲು, ಅಲ್ಲೇ ಊಟ. ಅಡುಗೆ ನನ್ನ ಪಾಲಿಗೆ ಬಂದಿತ್ತು. ಉಳಿದ ನಾಲ್ವರ ಅಡುಗೆಯನ್ನು ಒಂದೊಂದು ಸಲ ತಿಂದ ಮೇಲೆ ನಾನೇ ಮೇಲೆಬಿದ್ದು ಒಲೆ ಹಿಡಿದೆ. ಒಣ ಅವರೆಕಾಳಿನ ಸಾರಿನಲ್ಲಂತೂ ನನ್ನನ್ನು ಮೀರಿಸುವ ಹೆಂಗಸು ಇಲ್ಲ ಎಂದು ಅವರೇ ಹೇಳುತ್ತಿದ್ದರು. ಸಿಪ್ಪೆ ಸಮೇತ ಕಾಯಿಯನ್ನು ಬಿಸಿಲಿಗೆ ಹಾಕಿ, ಬಡಿದು, ಕಾಳು ಬೇರ್ಪಡಿಸಿ, ಮೊರದಲ್ಲಿ ಕೇರಿ, ಹುಳ ಹಿಡಿದದ್ದನ್ನೂ ಕಲ್ಲನ್ನೂ ಆರಿಸಿ, ಬಾಣಲೆಯಲ್ಲಿ ಘಮ್ಮೆನ್ನುವಷ್ಟು ಮಾತ್ರ ಹುರಿದು ನೆನೆಹಾಕಬೇಕು. ಮಾರನೆಯ ದಿನ ಮಡಕೆಗೆ ಹಾಕಿ ಸಣ್ಣ ಉರಿಯಲ್ಲಿ ಬೇಯಲು ಬಿಟ್ಟರೆ ಆಯಿತು. ಕಾಳು ಮೆತ್ತಗಾಗುವವರೆಗೆ ಉಪ್ಪು, ಹುಣಸೆಹಣ್ಣು ಹತ್ತಿರಕ್ಕೂ ಬರಬಾರದು. ಅಷ್ಟರಲ್ಲಿ ಈರುಳ್ಳಿ, ಬೆಳ್ಳುಳ್ಳಿಗಳನ್ನು ಕೆಂಡದಲ್ಲಿ ಸುಟ್ಟು, ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಚೂರು ಕೊಬ್ಬರಿ ಸೇರಿಸಿ ಅರೆದುಕೊಳ್ಳಬೇಕು. ಕೊನೆಗೆ ಹುರಿದ ಹುಚ್ಚೆಳ್ಳಿನ ಪುಡಿ. ಕಾಳು ಕಾಳಾಗಿಯೇ ಕಾಣಬೇಕು, ಬೆರಳಲ್ಲಿ ಅದುಮಿದರೆ ಬೆಣ್ಣೆಯಾಗಬೇಕು. ರಾಗಿಮುದ್ದೆಗೆ ಇದಕ್ಕಿಂತ ಮೇಲಿನ ಸಂಗಾತಿಯನ್ನು ದೇವರು ಮಾಡಿದ್ದರೆ ನನ್ನ ತಟ್ಟೆಗಂತೂ ಕಳಿಸಿಲ್ಲ.

ಹೆಣ್ಣು ತಂದದ್ದು ಪಾವಗಡದ ಕಡೆಯಿಂದ. ನಮ್ಮೂರು ಸಿದ್ದರಬೆಟ್ಟದ ಬುಡದಲ್ಲಿ. ಮದುವೆಯಾಗಿ ಮೂರು ತಿಂಗಳಿಗೆ ಒಂದು ಬಾವಿ ಮುಗಿಸಿ, ಗುಂಪಿನ ನಾಲ್ವರನ್ನೂ ಮನೆಗೆ ಕರೆತಂದೆ. ಬರುವಾಗ ದಾರಿಯುದ್ದಕ್ಕೂ ನನ್ನ ಹೆಂಡತಿಯ ಅವರೆಕಾಳಿನ ಸಾರನ್ನು ಹೊಗಳಿಕೊಂಡು ಬಂದಿದ್ದೆ. ಅದುವರೆಗೆ ಅವಳು ಅದನ್ನು ನಮ್ಮ ಮನೆಯಲ್ಲಿ ಮಾಡಿರಲಿಲ್ಲ ಎನ್ನುವುದು ಬೇರೆ ಮಾತು.

ಬಡಿಸಿದಳು. ನೋಡಿದರೆ ತಟ್ಟೆಯಲ್ಲಿ ಕಾಳೇ ಇಲ್ಲ. ಹಳದಿ ಬಣ್ಣದ ಗಂಜಿಯೊಂದು ಮುದ್ದೆಯ ಸುತ್ತ ಹರಡಿಕೊಂಡು ನಿಂತಿದೆ. ಒಬ್ಬ ಬೆರಳಾಡಿಸಿ ಹುಡುಕಿದ. ಇನ್ನೊಬ್ಬ, "ಕಾಳು ಹಿಂದಿಂದ ಬತ್ತವಾ ಅಕ್ಕಾ?" ಅಂದ. ನಾನು ತಟ್ಟೆ ದಬ್ಬಿ ಹೆಂಡತಿಯ ಕಡೆ ತಿರುಗಿದೆ.

"ಇದೇನಮ್ಮೀ, ಸಾರಾ, ಗಾರೆಯಾ? ಇದ್ರಲ್ಲಿ ಒಂದು ಬಾವಿ ಕಟ್ಬೋದು. ನಿಮ್ಮವ್ವ ನಿಂಗೆ ಕಾಳು ಬೇಯ್ಸೋದೂ ಕಲಿಸ್ಲಿಲ್ವಾ?"

ನಾಲ್ವರೂ ನಕ್ಕರು. ನಾನು ಅವರಿಗಿಂತ ಜೋರಾಗಿ ನಕ್ಕೆ. ಅವಳು ನಗಲಿಲ್ಲ. ಅಳಲೂ ಇಲ್ಲ. ಮಾರನೆಯ ದಿನ ಬೆಳಿಗ್ಗೆ ಮಧುಗಿರಿ ಸಂತೆಗೆ ಹೊರಟ ಗಾಡಿ ಹತ್ತಿ ತವರಿಗೆ ಹೋದಳು.

ಒಂದು ವಾರ ನಾನು ಬೀಗುತ್ತಲೇ ಇದ್ದೆ. ಬೇಕಾದರೆ ಅವಳೇ ಬರುತ್ತಾಳೆ ಎಂದೆ. ಎರಡನೇ ವಾರ ಮನೆ ಬಿಕೋ ಎನ್ನತೊಡಗಿತು. ಗುಂಪಿನವರು ದಿನಾ ಬೆಳಗಾದರೆ, "ಏನ್ಲಾ, ಗಾರೆಯವ್ರು ಬಂದ್ರಾ?" ಎಂದು ಕೇಳುತ್ತಿದ್ದರು. ಅಂದು ನಕ್ಕವರೇ ಈಗ, "ನೀನು ಅಂಗನ್ಬಾರ್ದಾಗಿತ್ತು ಕಣ್ಲಾ" ಎಂದು ಬುದ್ಧಿ ಹೇಳಿದರು. ಮೂರನೇ ವಾರ ಗಡಾರಿ ಒರಗಿಸಿಟ್ಟು ಹೊರಟೆ. ತಪ್ಪು ಒಪ್ಪಿಕೊಳ್ಳಲು ಅಲ್ಲ. ಅವಳು ಅಂದು ಕಾಳು ತೆಗೆದಿದ್ದ ಮಣ್ಣಿನ ವಾಡೆಯಿಂದಲೇ ಮೂರು ಸೇರು ಅವರೆಕಾಳನ್ನು ಪಂಚೆಯಲ್ಲಿ ಕಟ್ಟಿಕೊಂಡೆ. ಬೀಗರ ಮನೆಯಲ್ಲೇ, ಅತ್ತೆಯ ಕಣ್ಣೆದುರಿಗೇ ಬೇಯಿಸಿ ತೋರಿಸಿ, ನ್ಯಾಯ ಗೆದ್ದು ಹೆಂಡತಿಯನ್ನು ಕರೆದುಕೊಂಡು ಬರುವುದು ನನ್ನ ಲೆಕ್ಕಾಚಾರ.

ಆಗ ಯುದ್ಧದ ಕಾಲ. ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸಿನ ಹಿಂದೆ ಆಳೆತ್ತರದ ಡಬ್ಬ ಕೂರಿಸಿ, ಅದರಲ್ಲಿ ಇದ್ದಿಲು ಉರಿಸಿ, ಅದರ ಗ್ಯಾಸಿನಲ್ಲಿ ಬಸ್ಸು ಓಡಿಸುತ್ತಿದ್ದರು. ಓಡಿಸುತ್ತಿದ್ದರು ಎನ್ನುವುದು ಬಾಯಿಮಾತು. ಏರು ಬಂದರೆ ಡಬ್ಬದ ಗ್ಯಾಸು ಸಾಲದೆ ನಾವೇ ಇಳಿದು ತಳ್ಳಬೇಕು. ಅಂತೂ ಮಧುಗಿರಿಯಿಂದ ಅರ್ಧ ಕೂತು ಅರ್ಧ ತಳ್ಳಿ ಪಾವಗಡದ ದಾರಿಯಲ್ಲಿಳಿದು, ಎರಡು ಮೈಲಿ ನಡೆದು ಬೀಗರೂರು ಸೇರಿದೆ.

ಅತ್ತೆ ಕಾಲಿಗೆ ನೀರು ಕೊಟ್ಟರು, ಕುಡಿಯಲೂ ಕೊಟ್ಟರು. ಒಂದು ಗುಟುಕು ಬಾಯಲ್ಲಿ ಆಡಿಸಿ, ಬಾವಿಯ ಕಡೆ ಹೋಗಿ ಬಗ್ಗಿ ನೋಡಿ, ಕೇಳದೇ ಇದ್ದರೂ ತೀರ್ಪು ಕೊಟ್ಟೆ:

"ಸವುಳು ನೀರು. ತಪ್ಪು ಜಾಗದಲ್ಲಿ ತೋಡವ್ರೆ. ಆ ಹೊಂಗೆ ಮರದತ್ರ ತೋಡಿದ್ರೆ ಸೀ ನೀರು ಬೀಳ್ತಿತ್ತು."

"ಅಂಗಾ ಅಲ್ಲುಡೂ?" ಎಂದರು ಅತ್ತೆ. ಆ ಕಡೆ ಹತ್ತು ಮಾತಾಡಿದರೆ ಆರು ತೆಲುಗು; ಅಳಿಯನನ್ನು ಅಲ್ಲುಡು ಎನ್ನುವುದೇ ವಾಡಿಕೆ. "ನೀವು ಬಲೇ ತಿಳಿದೋರು ಬುಡಿ."

ಹೆಂಡತಿ ಹಟ್ಟಿಯಲ್ಲಿ ಕರುವಿಗೆ ಹುಲ್ಲು ಹಾಕುತ್ತಿದ್ದಳು. ನಮ್ಮ ಮನೆಯಲ್ಲಿದ್ದಾಗ ನನ್ನ ವಿಷಯ ಯಾರ ಹತ್ತಿರ ಮಾತಾಡಿದರೂ 'ಇವ್ರು' ಅನ್ನುತ್ತಿದ್ದಳು. ಗಂಡನ ಹೆಸರು ಹೇಳುವಂತಿಲ್ಲವಲ್ಲ. ಈಗ ನನ್ನ ಮುಖ ನೋಡದೆ ಕರುವಿಗೆ ಹೇಳಿದಳು:

"ಯಾರೋ ಬಾವಿಯವ್ರು ಬಂದವ್ರಂತೆ ಕಣ್ಲಾ ಕರ. ಯಾವ ಬಾವಿ ಬಿದ್ದೋಯ್ತೋ ಏನೋ."

ನಾನು ಕಾಳಿನ ಗಂಟನ್ನು ಅತ್ತೆಯ ಮುಂದೆ ಬಿಚ್ಚಿ, ಬಂದ ಕಾರಣ ಹೇಳಿದೆ. ಅತ್ತೆ ಸಿಟ್ಟಾಗಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

"ಅಂಗೇ ಆಗ್ಲಿ. ನೀವೇ ಬೇಯ್ಸಿ. ಬೆಂದ್ರೆ ನಿಮ್ಮ ಹೆಂಡ್ತಿ ನಿಮ್ಮ ಹಿಂದೆ ಬತ್ತಾಳೆ."

"ಬೇಯ್ದಿದ್ರೆ?"

"ಬೇಯ್ದಿದ್ರೆ ಅವಳಿಷ್ಟ."

ಬೇಯದೆ ಇರುವುದು ಎಂದರೇನು ಎಂದೇ ನನಗೆ ಗೊತ್ತಿರಲಿಲ್ಲ. ಸಂಜೆಗೇ ಕಾಳು ಹುರಿದು ನೆನೆಹಾಕಿದೆ. ಬೆಳಿಗ್ಗೆ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಮಡಕೆ ಇಟ್ಟೆ. ಅತ್ತೆ ತಾವೇ ಎರಡು ಕೊಡ ನೀರು ಸೇದಿ ತಂದು ಪಕ್ಕದಲ್ಲಿಟ್ಟು, "ಸಾಲ್ದಿದ್ರೆ ಇನ್ನೂ ತತ್ತೀನಿ ಅಲ್ಲುಡೂ" ಎಂದರು. ಎಂಥ ಒಳ್ಳೆಯ ಹೆಂಗಸು ಎಂದುಕೊಂಡೆ.

ಹೊತ್ತು ಮೇಲೇರಿತು. ನೀರು ಕುದಿಯಿತು, ನೊರೆ ಬಂತು, ನೊರೆ ತೆಗೆದೆ. ಒಂದು ಕಾಳು ಅದುಮಿದೆ. ಕಲ್ಲು. ಇರಲಿ, ಹಳೇ ಕಾಳು ಅಂದುಕೊಂಡೆ. ಸೌದೆ ತುರುಕಿದೆ. ಇನ್ನೊಂದು ಅದುಮಿದೆ. ಅದೂ ಕಲ್ಲು, ಈಗ ಬಿಸಿ ಕಲ್ಲು. ನೀರು ಇಂಗಿತು, ಮತ್ತೆ ಅದೇ ಬಾವಿಯ ನೀರು ಸುರಿದೆ. ಸಿದ್ದರಬೆಟ್ಟದ ದೇವರಿಗೆ ಒಂದು ತೆಂಗಿನಕಾಯಿ ಹರಸಿಕೊಂಡೆ. ಸ್ವಲ್ಪ ಹೊತ್ತಿಗೆ ಅದನ್ನು ಎರಡಕ್ಕೆ ಏರಿಸಿದೆ. ಪಾವಗಡದ ಸೀಮೆ ಅವನ ಹದ್ದಿಗೆ ಬರುವುದಿಲ್ಲವೆಂದು ಕಾಣುತ್ತದೆ.

ಅಕ್ಕಪಕ್ಕದ ಹೆಂಗಸರು ಮಜ್ಜಿಗೆ ಕೇಳುವ ನೆಪದಲ್ಲಿ ಒಬ್ಬೊಬ್ಬರೇ ಬಂದು ಬೇಲಿಯ ಹತ್ತಿರ ನಿಂತರು. ಅತ್ತೆ ಆಗಾಗ ಬಾಗಿಲಿಗೆ ಬಂದು, "ಉಡಿಕಿಂದಾ ಅಲ್ಲುಡೂ?" ಎಂದು ವಿಚಾರಿಸುತ್ತಿದ್ದರು. ಬೆಂದವಾ ಅಂತ ಅರ್ಥ. "ಆಯ್ತು, ಆಯ್ತಾ ಬಂತು," ಎಂದು ನಾನು ಹೇಳುತ್ತಿದ್ದೆ. ಮಾವನವರು ಮಾತ್ರ ಎಲೆಯಡಿಕೆ ಹಾಕಿಕೊಂಡು ಒಲೆಯನ್ನೇ ನೋಡುತ್ತ ಕೂತಿದ್ದರು. ಅವರಿಗೆ ಹಸಿವಾಗಿತ್ತು.

ಊಟದ ಹೊತ್ತು ಮೀರಿತು. ಒಳಗೆ ಮುದ್ದೆ ಆಗಿತ್ತು. ನಾನು ಒಂದಷ್ಟು ಕಾಳನ್ನು ಬೇರೆ ಪಾತ್ರೆಗೆ ತೆಗೆದು, ಮಸಾಲೆ ಹಾಕಿ, ಉಪ್ಪು ಹುಳಿ ಬಿಟ್ಟು, "ಬೆಂದೈತೆ, ಬನ್ನಿ" ಎಂದುಬಿಟ್ಟೆ. ಬೇಲಿಯ ಹತ್ತಿರ ಅಷ್ಟು ಜನ ನಿಂತಿರುವಾಗ ಬೇರೆ ಏನು ಹೇಳಲಿ? ಮೊದಲು ಮಾವನಿಗೆ ಬಡಿಸಿದೆ. ಅವರು ಒಂದು ಕಾಳನ್ನು ಬಾಯಿಗೆ ಹಾಕಿ, ಎಡದ ಕಡೆ ದಬ್ಬಿ ನೋಡಿದರು, ಬಲಕ್ಕೆ ದಬ್ಬಿ ನೋಡಿದರು, ಆಮೇಲೆ ತೆಗೆದು ನನ್ನ ಅಂಗೈಯಲ್ಲಿಟ್ಟರು.

"ಇದನ್ನ ಬಿತ್ತನೆಗೆ ಇಟ್ಕಳಿ ಅಳಿಯಂದ್ರೇ. ಮೊಳಕೆ ಚೆನ್ನಾಗ್ ಬತ್ತದೆ."

ಬೇಲಿ ನಕ್ಕಿತು. ನನಗೆ ರೋಷ ಬಂತು. "ಹಲ್ಲಿಲ್ದೋರ್ಗೆ ಅಂಗೇ ಅನ್ಸತ್ತೆ" ಎಂದು ದೊಡ್ಡ ತಟ್ಟೆ ತುಂಬ ಬಡಿಸಿಕೊಂಡು ತಿನ್ನಲು ಕೂತೆ. ಕಟಂ ಕಟಂ ಎಂದು ಸದ್ದು ನನ್ನ ತಲೆಯೊಳಗೇ ಕೇಳುತ್ತಿತ್ತು. ಹೊರಗೂ ಕೇಳುತ್ತಿತ್ತು ಎಂದು ಆಮೇಲೆ ತಿಳಿಯಿತು. ಎರಡು ಮುದ್ದೆ ಮುಗಿಸಿದೆ. ಮೂರನೆಯದಕ್ಕೆ ಕೈ ಹಾಕುವಾಗ ಹೆಂಡತಿ ಬಂದು ಒಂದು ಕುಡಿಕೆಯನ್ನು ಒಲೆಯ ಪಕ್ಕ ಇಟ್ಟಳು. ಅದರಲ್ಲಿ ತಿಳಿಯಾದ ನೀರಿತ್ತು, ತಳದಲ್ಲಿ ಚೂರು ಬೂದಿ.

"ಏನಿದು?" ಎಂದೆ.

ಅವಳು ಕರುವಿನ ಕಡೆ ತಿರುಗಿದಳು. "ಗಾರೆ ಅಂತ ಹೇಳ್ಲಾ ಕರ."

ಒಂದು ಸೌಟು ಮಡಕೆಗೆ ಬಿಟ್ಟು ಕದಡಿದಳು. ಮಾವ ಇನ್ನೊಂದು ಎಲೆಯಡಿಕೆ ಮುಗಿಸುವಷ್ಟರಲ್ಲಿ, ಬೆಳಗಿನಿಂದ ನನ್ನ ಮಾತು ಕೇಳದ ಕಾಳುಗಳು ಬೆಣ್ಣೆಯಾಗಿ ಕೂತಿದ್ದವು. ಎಲ್ಲರೂ ಸುತ್ತ ಕೂತು ಮೆತ್ತಗಿನ ಕಾಳು ತಿಂದರು. ನನ್ನ ಹೊಟ್ಟೆಯಲ್ಲಿ ಜಾಗವಿರಲಿಲ್ಲ.

ಆಗ ಅತ್ತೆ ಬಿಡಿಸಿ ಹೇಳಿದರು. ಸವುಳು ನೀರಿನಲ್ಲಿ ಕಾಳು ಬೇಯುವುದಿಲ್ಲ. ಅದಕ್ಕೇ ಆ ಕಡೆಯವರು ಬೂದಿ ಕಲಸಿ ಬಸಿದ ತಿಳಿಯನ್ನು ಸ್ವಲ್ಪ ಬಿಡುತ್ತಾರೆ. ಮಗಳಿಗೂ ಹಾಗೇ ಕಲಿಸಿದ್ದರು. ನಮ್ಮೂರಿನ ಬೆಟ್ಟದ ಸೀ ನೀರಿಗೆ ಅವಳು ಅದೇ ಅಭ್ಯಾಸದಿಂದ ತಿಳಿ ಬಿಟ್ಟಿದ್ದಳು. ಕಾಳು ಕರಗಿ ಗಂಜಿಯಾಗಿತ್ತು, ಅಷ್ಟೇ.

"ಇಷ್ಟು ಬಾವಿ ತೋಡಿದೋರು, ಇದು ತಿಳೀಲಿಲ್ವಾ ಅಲ್ಲುಡೂ?"

ಹೇಗೆ ತಿಳಿಯಬೇಕು? ಬಾವಿ ತೋಡುವವನು ಯಾವತ್ತಾದರೂ ಬಾವಿಯ ನೀರಿನಲ್ಲಿ ಅಡುಗೆ ಮಾಡಿದ್ದಾನೆಯೆ? ಬಾವಿಯಿಲ್ಲದ ಕಡೆಗೇ ಅವನನ್ನು ಕರೆಯುವುದು. ಅಡುಗೆಗೆ ಕೆರೆಯ ನೀರು. ನೀರು ಬೀಳುವ ಹೊತ್ತಿಗೆ ಅವನು ಗಂಟುಮೂಟೆ ಕಟ್ಟಿರುತ್ತಾನೆ. ಈ ಸಮಜಾಯಿಷಿ ನನಗೆ ತುಂಬ ಚೆನ್ನಾಗಿದೆ ಎನಿಸಿತು. ಆದರೆ ನಿನ್ನೆ ಇದೇ ಅಂಗಳದಲ್ಲಿ ನಿಂತು ನೀರು ಸವುಳು ಎಂದು ತೀರ್ಪು ಕೊಟ್ಟವನು ನಾನೇ. ಅದು ನೆನಪಾಗಿ ಒಲೆಯ ಸೌದೆಯನ್ನು ಹಿಂದಕ್ಕೆಳೆಯತೊಡಗಿದೆ.

"ಕಾಳೇನೋ ಬೆಂದ್ವು," ಎಂದರು ಅತ್ತೆ. "ಬೇಯ್ಸಿದೋರು ಯಾರು?"

ಉತ್ತರ ಎಲ್ಲರಿಗೂ ಗೊತ್ತಿತ್ತು. ಇನ್ನು ಅವಳಿಷ್ಟ. ಅವಳು ಕರುವಿನ ಬೆನ್ನು ಸವರುತ್ತ ನಿಂತಿದ್ದಳು. ನನಗೆ ಹೊಟ್ಟೆಯೂ ಭಾರ, ಎದೆಯೂ ಭಾರ. ಒಬ್ಬನೇ ಹಿಂದಿರುಗಿದರೆ ಆ ಮನೆಯ ಬಾಗಿಲು ಹೇಗೆ ತೆಗೆಯಲಿ? ಎದ್ದು ನಾನೂ ಕರುವಿನ ಹತ್ತಿರ ಹೋದೆ.

"ಕರ, ಅವತ್ತು ನಾನು ಅವ್ರವ್ವನ ಸುದ್ದಿ ಎತ್ತಿದ್ದು ತಪ್ಪು ಕಣ್ಲಾ. ಅವ್ರವ್ವ ಸರಿಯಾಗೇ ಕಲಿಸವ್ರೆ."

ಕರು ಮೂತ್ರ ಹೊಯ್ಯಿತು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಹೆಂಡತಿ ಕರುವಿಗೇ ಉತ್ತರ ಕೊಟ್ಟಳು: "ಮಧುಗಿರೀಲಿ ನಮ್ಮ ದೊಡ್ಡವ್ವನ ಮನೆ ಐತೆ. ಅಲ್ಲಿಗಂಟ ಬತ್ತೀನಿ ಅಂತ ಹೇಳು. ಮುಂದಿಂದು ಅಲ್ಲಿ ನೋಡಾನ."

ಅರ್ಧ ದಾರಿಗೆ ಹೆಂಡತಿ ಸಿಕ್ಕಳು ಎಂದು ಸಂತೋಷಪಡಬೇಕೋ ಬೇಡವೋ ತಿಳಿಯದೆ ಹೊರಟೆ. ಆ ಕಾಲಕ್ಕೆ ಗಂಡ ಮುಂದೆ, ಹೆಂಡತಿ ನಾಲ್ಕು ಮಾರು ಹಿಂದೆ ನಡೆಯುವುದು ಪದ್ಧತಿ. ಊರು ದಾಟಿ ಸ್ವಲ್ಪ ದೂರಕ್ಕೇ ನನ್ನ ಹೊಟ್ಟೆಯೊಳಗಿನ ಕಾಳು ನ್ಯಾಯ ಕೇಳಲು ಶುರುಮಾಡಿತು. ಮೊದಲು ಗುಡುಗು, ಆಮೇಲೆ ಗಾಳಿ. ಹಿಂದಿನಿಂದ ಹೆಜ್ಜೆಯ ಸದ್ದು ನಿಂತಿತು. ತಿರುಗಿ ನೋಡುವಷ್ಟರಲ್ಲಿ ಅವಳು ಮೂಗಿಗೆ ಸೆರಗು ಹಿಡಿದು, ನನ್ನನ್ನು ದಾಟಿ, ನಾಲ್ಕು ಮಾರು ಮುಂದೆ ಹೋಗಿದ್ದಳು. ಎದುರಿಗೆ ಬಂದ ಕುರಿ ಕಾಯುವವನು ಅವಳನ್ನೂ ನನ್ನನ್ನೂ ನೋಡಿ, ಕುರಿಗಳನ್ನು ಪಕ್ಕಕ್ಕೆ ಹೊಡೆದುಕೊಂಡ.

ಬಸ್ಸಿನಲ್ಲಿ ಅವಳು ಹೆಂಗಸರ ಸಾಲಿನಲ್ಲಿ ಕೂತಳು. ನಾನು ಹಿಂದಿನ ಸೀಟಿನಲ್ಲಿ ಮೈಯೆಲ್ಲ ಬಿಗಿಹಿಡಿದು ಕೂತೆ. ಆ ರಸ್ತೆಯ ಕುಲುಕಾಟದಲ್ಲಿ ಯಾವ ಗಂಡಸು ಎಷ್ಟು ಹೊತ್ತು ಬಿಗಿಹಿಡಿದಾನು? ಒಬ್ಬೊಬ್ಬರೇ ಮೂಗು ಮುಚ್ಚಿಕೊಂಡರು. ಕಂಡಕ್ಟರ್ ಗಾಳಿ ಮೂಸಿ, ಗಾಬರಿಯಿಂದ ಸೀಟಿ ಊದಿದ. "ಗ್ಯಾಸ್ ಡಬ್ಬ ಸೋರ್ತಾ ಐತೆ! ಎಲ್ಲಾ ಇಳೀರಿ!" ಎಂದು ಕೂಗಿದ. ಎಲ್ಲರೂ ಇಳಿದರು. ಅವನು ಡಬ್ಬದ ಸುತ್ತ ಎರಡು ಸುತ್ತು ಹಾಕಿ, ಕೀಲುಗಳನ್ನೆಲ್ಲ ಬಡಿದು ನೋಡಿದ. ಅಷ್ಟರಲ್ಲಿ ಎಂಜಿನ್ನೂ ನಿಂತುಹೋಯಿತು.

"ಇನ್ನೇನ್ ಮಾಡೋದು, ಎಲ್ಲಾ ಸೇರಿ ತಳ್ಳಿ," ಎಂದ.

ಹೆಂಗಸರ ನಡುವಿನಿಂದ ನನ್ನ ಹೆಂಡತಿ ಹೇಳಿದಳು, ಇಡೀ ಬಸ್ಸಿಗೆ ಕೇಳುವಂತೆ:

"ಎಲ್ಲಾರೂ ಯಾಕಣ್ಣಾ? ಇವ್ರನ್ನ ಬಸ್ಸಿನ ಹಿಂದೆ ನಿಲ್ಸು. ತಂತಾನೇ ಓಯ್ತದೆ."

ರಸ್ತೆಯ ಮೇಲೆ ನಿಂತಿದ್ದ ಜನವೆಲ್ಲ ಹೋ ಎಂದು ನಕ್ಕಿತು. ಕಂಡಕ್ಟರ್ ಡಬ್ಬ ಬಿಟ್ಟು ನನ್ನನ್ನೇ ಮೇಲಿಂದ ಕೆಳಗೆ ನೋಡಿದ. ಬೇರೆ ಹೊತ್ತಾಗಿದ್ದರೆ ಅವನ ಕೊರಳಪಟ್ಟಿ ಹಿಡಿಯುತ್ತಿದ್ದೆ. ಆದರೆ ನನ್ನ ಕಿವಿಗೆ ಬಿದ್ದದ್ದು ಒಂದೇ ಮಾತು. ಇವ್ರು ಅಂದಿದ್ದಳು. ಬಾವಿಯವ್ರು ಅಂದಿರಲಿಲ್ಲ.

ಮಧುಗಿರಿಯಲ್ಲಿ ಬಸ್ಸಿಳಿದಾಗ ದೊಡ್ಡವ್ವನ ಮನೆ ಯಾವ ಕೇರಿಯಲ್ಲಿದೆ ಎಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ನಮ್ಮೂರಿಗೆ ಹೋಗುವ ಕೊರಟಗೆರೆ ದಾರಿ ಹಿಡಿದೆವು. ಅವಳು ಮುಂದೆ, ನಾನು ನಾಲ್ಕು ಮಾರು ಹಿಂದೆ.