ಮಲ್ಲಟದ ಹೆಣ್ಮಕ್ಕಳ ಅಂಗೈ ಗೋಡಿ

ದೆವ್ವ, ಗಾಳಿ, ಮೈಮ್ಯಾಲ ಬರೋದು ಅಂತ ಹೇಳೋರ ಮುಂದ ಕುಂತು ನಕ್ಕಾಂವ ನಾನು. "ನಗಬ್ಯಾಡಲೇ, ತನಗ ಬಂದಾಗ ಗೊತ್ತಾಗ್ತದ" ಅಂತ ನಮ್ಮವ್ವ ಬೈತಿದ್ಲು. ಈಗ ನನ್ನ ಮಾತು ಕೇಳಿ ನೀವು ನಕ್ಕರೂ ನನಗ ಸಿಟ್ಟಿಲ್ಲ. ಆದದ್ದನ್ನ ಆದಂಗ ಹೇಳ್ತೀನಿ. ಕತ್ತಲಾಗ ಆದದ್ದೂ ಅಲ್ಲ, ಮಟಮಟ ಮಧ್ಯಾಹ್ನ ಆದದ್ದು.

ಊರಾಗಿನ ಸರ್ಕಲ್ಲು, ಪಾರ್ಕು, ದೊಡ್ಡ ಗೋಡಿಗಳಿಗೆ ಕಲಾಕೃತಿ ಮಾಡಸೋದು ನನ್ನ ಕೆಲಸ. ಕಲಾವಿದರನ್ನ ಹುಡುಕಬೇಕು, ಪರವಾನಗಿ ತರಬೇಕು, ಕ್ರೇನ್ ತರಿಸಿ ನಿಂತು ಕೂಡಿಸಬೇಕು. ಹೆಸರು ಅವರದು, ಬೈಗಳ ನನ್ನದು. ಮೂರು ವರ್ಷದ ಹಿಂದ ರಾಯಚೂರಿನ ಒಂದು ಪಾರ್ಕಿನ ಉದ್ದನ್ನ ಗೋಡಿ ನನ್ನ ಪಾಲಿಗೆ ಬಂತು. ಮಾನ್ವಿ ಕಡಿ ಮಲ್ಲಟದಾಗ ಹತ್ತಿ ಬಿಡಸೋ ಹೆಣ್ಮಕ್ಕಳ ಅಂಗೈನ ಹಸಿಮಣ್ಣಿನ ಚಪ್ಪಟಿ ಬಿಲ್ಲಿ ಮ್ಯಾಲ ಒತ್ತಿಸಿ, ಸುಟ್ಟು, ಗೋಡಿ ತುಂಬ ಹಚ್ಚಬೇಕಂತ ಮಾಡಿದ್ವಿ. ಮಾಡಾಂವ ವಿರೂಪಾಕ್ಷಿ. ದೇವದುರ್ಗದಾಂವ, ನನ್ನ ಕೂಡ ಒಂದೇ ತಾಟಿನ್ಯಾಗ ಉಂಡ ಗೆಳ್ಯಾ.

"ಎರಿಮಣ್ಣು ಬ್ಯಾಡಲೇ, ಸುಟ್ಟರ ಬಿರಿತದ" ಅಂದಿದ್ದ. ನಾ ಕೇಳಲಿಲ್ಲ. ಆ ಹೆಣ್ಮಕ್ಕಳು ದುಡಿಯೋದು ಎರಿ ಹೊಲದಾಗ, ಅದೇ ಮಣ್ಣಾಗಬೇಕು ಅಂತ ಹಟ ಹಿಡಿದೆ. ಬ್ಯಾಸಿಗ್ಯಾಗ ಕಾಲು ಹೋಗುವಷ್ಟು ಬಿರಿಯೋ ಹೊಲ ನೋಡಿಕೊಂತ ಬೆಳೆದಾಂವ ನಾನು, ಆದ್ರೂ ಹಟ. "ಆತು ಬಿಡು, ನಾ ನೋಡಿಕೊಂತೀನಿ" ಅಂದ. ನಂಬಿದೆ.

ಮಲ್ಲಟಕ್ಕ ಹೋಗಿ ಒತ್ತಿಸಿ ಅವನ ಕಡಿ ಕಳಿಸಿದಾಂವ ನಾನೇ. ಒತ್ತಿದೋರಾಗ ನಾಗಮ್ಮ ಅಂತ ಒಬ್ಬಾಕಿ ಇದ್ಲು. ಮೇವು ಕತ್ತರಿಸೋ ಮಷೀನಿಗೆ ಸಿಕ್ಕು ಆಕಿ ಎಡಗೈ ಕಿರಿಬೆರಳು ಅರ್ಧ ಹೋಗಿತ್ತು. "ಇದೂ ಬರಲ್ರೀ, ಅರ್ಧ ಆದ್ರೇನು, ದುಡಿದೈತಿ" ಅಂತ ನಕ್ಕೋಂತ ಒತ್ತಿದ್ಲು. ಎರಡು ತಿಂಗಳಿಗೆ ಕಾಮಣಿ ಆಗಿ, ಮೈ ಹಳದಿ ಏರಿ ತೀರಿಕೊಂಡ್ಲು. ಆಕಿ ತಾಯಿ ಹನುಮವ್ವ ಮಂದಿ ಕಡಿಂದ ನನಗ ಫೋನ್ ಹಚ್ಚಿಸಿದ್ಲು. "ಯಪ್ಪಾ, ಆಧಾರ್ ಕಾರ್ಡಿನ ಫೋಟೋ ಬಿಟ್ರ ಮಗಳದು ಏನೂ ಉಳಿದಿಲ್ಲ. ಆ ಕೈ ಒಂದು ಜ್ವಾಕಿ ಮಾಡ್ರಿ." ಮಾಡ್ತೀನವ್ವಾ ಅಂತ ಮಾತು ಕೊಟ್ಟೆ.

ಬಿಲ್ಲಿಗಳನ್ನ ವಿರೂಪಾಕ್ಷಿ ಹೈದರಾಬಾದಿನ ತನ್ನ ವರ್ಕ್‌ಶಾಪಿನಾಗ ಕಬ್ಬಿಣದ ಚೌಕಟ್ಟಿಗೆ ಕೂಡಿಸಿಯೇ ಕಳಿಸಿದ್ದ. ಉದ್ಘಾಟನಿ ಹಿಂದಿನ ದಿನ ಕ್ರೇನ್ ಎತ್ತುವಾಗ ಒಂದರ ಮೂಲಿ ಗೋಡಿಗೆ ತಾಕಿ ಕಿತ್ತಿತು. ಒಳಗ ಬಿಳಿ ಫೈಬರ್ ಎಳಿ. ಮಣ್ಣೇ ಅಲ್ಲ ಅದು! ಅಲ್ಲೇ ನಿಂತಿದ್ದ ವಿರೂಪಾಕ್ಷಿನ್ನ ಕೇಳಿದ್ರ ಖರೇ ಬಾಯಿಬಿಟ್ಟ. ಭಟ್ಟ್ಯಾಗ ಎಲ್ಲಾ ಬಿಲ್ಲಿ ಚೂರು ಚೂರು ಆಗಿದ್ವಂತ. ಹೈದರಾಬಾದಿನ್ಯಾಗ ತನ್ನ ಕೂಡ ಕೆಲಸ ಮಾಡೋ ಆರು ಮಂದಿ ಕೈ ಅಚ್ಚು ತಗದು, ಫೈಬರ್ ಎರೆದು, ಎರಿಮಣ್ಣಿನ ಬಣ್ಣ ಹೊಡದಿದ್ದ.

"ಒಂದು ಮಾತು ಹೇಳಬಾರದೇನಲೇ ನನಗ?"

"ಹೇಳಿದ್ರ ನೀ ಕೇಳಾಂವೇನು?" ಅಂದ.

ನಂಬಿಸಿ ಕುತ್ತಿಗಿ ಕೊಯ್ದ. ಅವತ್ತ ಸಂಜಿ ಬೆಳಕು ಇರೋತನಕ ಒಂದೊಂದೇ ಅಂಗೈ ನೋಡಿದೆ. ಎಲ್ಲಾಕ್ಕೂ ಐದೈದು ಪೂರಾ ಬೆರಳು. ಆದ್ರ ಮರುದಿನ ಕಾರ್ಯಕ್ರಮ, ಮಂತ್ರಿ ಬರಾಂವ. ನಾನೂ ಬಾಯಿ ಮುಚ್ಚಿಕೊಂಡೆ. ಅವಂಗೂ ನನಗೂ ಏನು ಫರಕು ಉಳೀತು ಹೇಳ್ರಿ?

ಮರುದಿನ ಭಾಷಣ ಮುಗಿದು ಮಂದಿ ಊಟಕ್ಕ ಎದ್ದ ಮ್ಯಾಲ ಹನುಮವ್ವ ಬಂದ್ಲು. "ನನ್ನ ಮಗಳು ಎಲ್ಲಿ ಅದಾಳ್ರಿ ಯಪ್ಪಾ?" ಏನಂತ ಹೇಳಲಿ ಅಂತ ನಾನು ಯೋಚನಿ ಮಾಡೋದರಾಗ ಆಕಿ ಗೋಡಿ ಸವರಿಕೊಂತ ನಡದೇಬಿಟ್ಲು. ಮೂರನೇ ಚೌಕಟ್ಟಿನ ಹತ್ತಿರ ನಿಂತ್ಲು.

"ಇಲ್ಲೇ ಅದಾಳ ನೋಡ್ರಿ."

ಎಡಗೈ. ಕಿರಿಬೆರಳು ಅರ್ಧ.

ಅದರ ಮ್ಯಾಲ ತನ್ನ ಅಂಗೈ ಇಟ್ಟು ಗೋಳೋ ಅಂತ ಅತ್ಲು. ಆಮ್ಯಾಲ ಸೆರಗಿನಿಂದ ಮಾರಿ ಒರಸಿಕೊಂಡು, "ಮಾತು ಉಳಿಸಿಕೊಂಡ್ರಿ. ನಿಮ್ಮ ಹೊಟ್ಟಿ ತಣ್ಣಗಿರಲಿ" ಅಂದ್ಲು. ಆ ಹರಕಿ ಕೇಳಿ ನನಗ ಸತ್ತಂಗಾತು. ಬೈದಿದ್ರ ತಡಕೊಂತಿದ್ದೆ.

ವಿರೂಪಾಕ್ಷಿನ್ನ ಎಳಕೊಂಡು ಬಂದು ತೋರಿಸಿದೆ. ಅವನ ಮಾರಿ ಬೆಳ್ಳಗಾತು. ತನ್ನ ಆರೂ ಮಂದಿಗೆ ಬೆರಳು ನೆಟ್ಟಗ ಅದಾವ ಅಂತ ಆಣಿ ಮಾಡಿದ. "ಎರೆಯುವಾಗ ಗಾಳಿಗುಳ್ಳಿ ಕುಂತಿರಬೇಕು" ಅಂದ. ನಿನ್ನೆ ಪೂರಾ ಇತ್ತಲ್ಲೋ ಅಂದ್ರ, "ನೀ ಸಿಟ್ಟಿನ್ಯಾಗ ಸರಿ ನೋಡಿರಲಿಕ್ಕಿಲ್ಲ" ಅಂದ. ಇರಬಹುದು. ಆದ್ರ ನಾಗಮ್ಮನ ಅರ್ಧ ಬೆರಳಿನ ವಿಷಯ ನಾನು ಅವಂಗ ಹೇಳಿರಲೇ ಇಲ್ಲ. ಆವಾಗಿಂದ ಅವನ ಕೂಡ ಮಾತು ಬಿಟ್ಟೀನಿ.

ಹನುಮವ್ವಗ ನಿಜ ಹೇಳಬೇಕಂತ ಎರಡು ಸಲ ಮಲ್ಲಟಕ್ಕ ಹೋಗೀನಿ. ಎರಡೂ ಸಲ ಚಹಾ ಕುಡಿದು ವಾಪಸ್ ಬಂದೀನಿ. ಅದು ನಿನ್ನ ಮಗಳ ಕೈ ಅಲ್ಲವ್ವಾ ಅನ್ನಬೇಕಂದ್ರ, ಅದು ಯಾರ ಕೈ ಅಂತ ನನಗರ ಗೊತ್ತಿರಬೇಕಲ್ಲ.