ಗಾಜು ಎಳೆಯುವ ಕುದುರೆಗೆ ಎಷ್ಟು ಕಣ್ಣು ಬೇಕು?

ನಮ್ಮ ದೊಡ್ಡಮ್ಮನಿಗೆ ಮನೆಯವರೆಲ್ಲ ಸೇರಿ ಇಟ್ಟ ಹೆಸರು ‘ಪ್ರಶ್ನೆಪತ್ರಿಕೆ’. ಅವಳ ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಕರೆದರೆ, ಯಾಕೆ ಹಾಗಂತೀರಿ, ಯಾವಾಗಿನಿಂದ, ಮೊದಲು ಅಂದವರು ಯಾರು ಎಂದು ಮೂರು ಪ್ರಶ್ನೆ ಗ್ಯಾರಂಟಿ.

ದೊಡ್ಡಪ್ಪ ತೀರಿಕೊಂಡ ಮೇಲೆ ಅವರ ಕುದುರೆಗಾಡಿಯನ್ನು ಅವಳೇ ಹೊಡೆಯತೊಡಗಿದಳು. ಗಾಡಿಯಲ್ಲಿ ಸಾಗುತ್ತಿದ್ದದ್ದು ಗಾಜು. ಗಾಜಿನ ವ್ಯಾಪಾರಿಯ ಗೋದಾಮಿನಿಂದ ಹಳೆಯ ಗಲ್ಲಿಗಳ ಬಡಗಿಗಳಿಗೆ, ಫೋಟೋಗೆ ಕಟ್ಟು ಹಾಕುವವರಿಗೆ ತಲುಪಿಸಬೇಕು. ಕಲ್ಲು ಹಾಸಿದ ಆ ಗಲ್ಲಿಗಳಲ್ಲಿ ಟೆಂಪೋ ಕುಲುಕಿ ಕುಲುಕಿ ಹತ್ತರಲ್ಲಿ ಎರಡು ಗಾಜು ಸೀಳುತ್ತಿದ್ದವು. ದೊಡ್ಡಮ್ಮ ಗಾಜನ್ನು ಮಲಗಿಸುತ್ತಿರಲಿಲ್ಲ. ಅಂಚಿನ ಮೇಲೆ ನಿಲ್ಲಿಸಿ, ನಡುವೆ ಒಣಹುಲ್ಲು ಹಾಕಿ, ಸುತ್ತ ಹಳೆ ಕಂಬಳಿ ತುರುಕುತ್ತಿದ್ದಳು. ಹನ್ನೊಂದು ವರ್ಷ ಅದರಲ್ಲೇ ಅವಳ ಜೀವನ ನಡೆದಿತ್ತು.

ಆ ಬೇಸಿಗೆಯಲ್ಲಿ ಅವಳ ಮುದಿ ಕುದುರೆ ಸತ್ತಿತು. ಗಾಜಿನ ವ್ಯಾಪಾರಿ ಒಳ್ಳೆಯವರೇ, ಆದರೆ ವ್ಯಾಪಾರಿ.

“ಸೋಮವಾರದವರೆಗೂ ಕಾಯ್ತೀನಮ್ಮ. ಆಮೇಲೆ ಟೆಂಪೋದವನಿಗೇ ಕೊಟ್ಟುಬಿಡ್ತೀನಿ. ಒಡೆದಷ್ಟು ಒಡೀಲಿ,” ಎಂದರು.

ವಾರವಿಡೀ ಹುಡುಕಿದರೂ ಸಿಕ್ಕಿದ್ದು ಒಂದೇ ಕುದುರೆ. ಸಾಮಿಲ್ಲಿನಲ್ಲಿ ಮರದ ದಿಮ್ಮಿ ಎಳೆಯುತ್ತಿದ್ದ ಕಂದು ಬಣ್ಣದ ಹೆಣ್ಣುಕುದುರೆ. ನೋಡಲು ಹೊರಟವರು ಮೂವರು: ದೊಡ್ಡಮ್ಮ, ಅವಳ ಮೈದುನನಾದ ನಮ್ಮಪ್ಪ, ಮತ್ತು ಶಾಲೆಗೆ ರಜೆ ಎಂದು ಮನೆಯಲ್ಲಿದ್ದ ಟೀಚರಮ್ಮನಾದ ನಾನು. ಕುದುರೆ ಕಂಡರೆ ಕಾಲುನೋವು ಅನ್ನುತ್ತಾರಲ್ಲ, ದೊಡ್ಡಮ್ಮನಿಗೆ ಕುದುರೆ ಕಂಡರೆ ಪ್ರಶ್ನೆ. ಎಷ್ಟು ನೀರು ಕುಡಿಯುತ್ತೆ, ಯಾವ ಕಾಲು ಮೊದಲು ಎತ್ತುತ್ತೆ, ಗರಗಸದ ಸದ್ದಿಗೆ ಮೊದಮೊದಲು ಏನು ಮಾಡಿತು? ಸಾಮಿಲ್ಲಿನ ಯಜಮಾನ ಎಲ್ಲಕ್ಕೂ ಉತ್ತರ ಕೊಟ್ಟ. ಕೊನೆಗೆ ಅವಳು, “ಬಲಗಣ್ಣು ಯಾಕೆ ಹಾಲು ಬಿದ್ದ ಹಾಗಿದೆ?” ಎಂದಳು.

“ಸ್ವಲ್ಪ ಮಂಜು ಅಷ್ಟೇ ಅಕ್ಕ. ಚೆನ್ನಾಗಿ ಕಾಣುತ್ತೆ. ನೋಡಿ ಬೇಕಾದ್ರೆ,” ಎಂದು ಅವನು ಆ ಕಣ್ಣಿನ ಮುಂದೆ ಕೈ ಬೀಸಿದ. ಕುದುರೆ ಪಟಕ್ಕನೆ ರೆಪ್ಪೆ ಬಡಿಯಿತು.

ಅಪ್ಪನಿಗೆ ಅಷ್ಟೇ ಸಾಕಾಗಿತ್ತು. ದೊಡ್ಡಮ್ಮ ಮಾತ್ರ ಆಚೀಚೆ ನೋಡಿದಳು. ಆಫೀಸು ಕೋಣೆಯ ಕಿಟಕಿಯಲ್ಲಿ ಒಂದು ಗಾಜು ಸಡಿಲವಾಗಿತ್ತು. ಗಾಜಿನವರ ಕಣ್ಣಿಗೆ ಮೊದಲು ಬೀಳುವುದೇ ಅಂಥದ್ದು. ಯಾರನ್ನೂ ಕೇಳದೆ ಎರಡು ಬೆರಳಲ್ಲಿ ಅದನ್ನು ಬಿಡಿಸಿ ತಂದು, ಸೆರಗಿನಿಂದ ಒರೆಸಿ, ನನ್ನ ಕೈಗೆ ಕೊಟ್ಟಳು.

“ಕಣ್ಣಿನ ಮುಂದೆ ಹಿಡ್ಕೋ. ತಾಗಿಸ್ಬೇಡ.”

ಕುದುರೆಯ ಮುಖದ ಪಕ್ಕ ಗಾಜು ಹಿಡಿದು ನಿಲ್ಲುವುದನ್ನು ನಾನು ಯಾವ ತರಬೇತಿಯಲ್ಲೂ ಕಲಿತಿರಲಿಲ್ಲ. ಉಸಿರು ಬಿಗಿಹಿಡಿದು ನಿಂತೆ. ಅವಳು ಗಾಜಿನ ಈಚೆಯಿಂದ ಕೈ ಬೀಸಿದಳು. ರೆಪ್ಪೆ ಅಲುಗಲಿಲ್ಲ. ಮುಷ್ಟಿ ಕಟ್ಟಿ ಗುದ್ದುವ ಹಾಗೆ ತಂದಳು. ಆಗಲೂ ಇಲ್ಲ. ಎಡಗಣ್ಣಿಗೆ ಹಾಗೇ ಮಾಡಿದಾಗ ಮಾತ್ರ ಕುದುರೆ ಗಕ್ಕನೆ ತಲೆ ಹಿಂದಕ್ಕೆಳೆಯಿತು.

“ಗಾಳಿ ತಾಗಿ ರೆಪ್ಪೆ ಬಡಿದಿದ್ದು, ಕಂಡಿದ್ದಕ್ಕಲ್ಲ. ಬಲಗಣ್ಣು ಪೂರ್ತಿ ಹೋಗಿದೆ,” ಎಂದಳು.

ಯಜಮಾನನ ಮುಖ ಸಪ್ಪಗಾಯಿತು. ಅವನು ನಮ್ಮ ಕಣ್ಣಿಗೆ ಮಣ್ಣೆರಚಲು ನೋಡಿದ ಎಂದು ನನಗೆ ಅನಿಸಲಿಲ್ಲ. ದಿನವೂ ಕೈ ಬೀಸಿ ನೋಡಿ ತಾನೇ ನಂಬಿಕೊಂಡಿದ್ದ, ಪಾಪ.

“ಹೋಗಲಿ ಬನ್ನಿ ಅತ್ತಿಗೆ. ರಾತ್ರಿ ಕಂಡ ಬಾವಿಗೆ ಯಾರಾದ್ರೂ ಹಗಲು ಬೀಳ್ತಾರಾ?” ಎಂದು ಅಪ್ಪ ಹೊರಟರು.

ದೊಡ್ಡಮ್ಮ ಕದಲಲಿಲ್ಲ. ಎಡಗಣ್ಣನ್ನೇ ನೋಡುತ್ತಾ, “ಇದಕ್ಕೆ ಈಗ ನಾವು ಹೇಗೆ ಕಾಣ್ತಿರಬಹುದು?” ಎಂದಳು. ಮೂರು ದಿನ ನೋಡಿ ಹೇಳುತ್ತೇನೆಂದು ಕುದುರೆಯನ್ನು ಮನೆಗೆ ಹೊಡೆದುಕೊಂಡು ಬಂದಳು. ಅಂದು ಶುಕ್ರವಾರ.

ಮನೆಗೆ ಬಂದವಳೇ ಹಳೆ ಬಟ್ಟೆ ಹರಿದು ತನ್ನ ಬಲಗಣ್ಣಿಗೆ ಪಟ್ಟಿ ಕಟ್ಟಿಕೊಂಡಳು. ನನಗೆ ನಗು, ಅಪ್ಪನಿಗೆ ಸಿಟ್ಟು. ಚಹಾವನ್ನು ಲೋಟದೊಳಕ್ಕೆ ಸುರಿಯಲು ಹೋಗಿ ಪಕ್ಕಕ್ಕೆ ಸುರಿದಳು. ಬಾಗಿಲ ಚೌಕಟ್ಟಿಗೆ ಬಲಭುಜವನ್ನು ನಾಲ್ಕು ಸಲ ಗುದ್ದಿಕೊಂಡಳು. ನಾನು ಬಲಗಡೆಯಿಂದ ಸದ್ದಿಲ್ಲದೆ ಹೋಗಿ ತೋಳು ಮುಟ್ಟಿದಾಗ ಹೌಹಾರಿ ಕೈಯಲ್ಲಿದ್ದ ಪಾತ್ರೆಯನ್ನೇ ಎಸೆದುಬಿಟ್ಟಳು.

“ಇಲ್ಲಿದೆ ನೋಡು ವಿಷಯ!” ಎಂದು ಕೂಗಿದಳು. ಪಾತ್ರೆ ನನ್ನ ಕಾಲಿನ ಮೇಲೆ ಬಿದ್ದದ್ದು ಅವಳ ಲೆಕ್ಕಕ್ಕೇ ಇರಲಿಲ್ಲ. “ಕಾಣದೇ ಇರೋದಕ್ಕೆ ಭಯ ಇಲ್ಲ ಕಣೇ. ಹೇಳದೆ ಬಂದು ಮುಟ್ಟಿದ್ರೆ ಭಯ.”

ಮರುದಿನ ಹಿತ್ತಲಲ್ಲಿ ಕುದುರೆಯ ಬಲಕ್ಕೆ ಖಾಲಿ ಡಬ್ಬ ಬೀಳಿಸಿದಳು. ಅದು ಮಾರುದೂರ ನೆಗೆಯಿತು. ಎರಡನೇ ಸಲ “ಬಲಕ್ಕಮ್ಮಾ, ಬಲಕ್ಕೆ” ಎಂದು ಹೇಳಿ ಬೀಳಿಸಿದಳು. ಕಿವಿ ಮಾತ್ರ ಆ ಕಡೆ ತಿರುಗಿತು, ಕಾಲು ಕದಲಲಿಲ್ಲ. ಭಾನುವಾರ ಸಂಜೆಯವರೆಗೂ ಡಬ್ಬ, ಕೊಡೆ, ಪೊರಕೆ, ನಾನು, ಹೀಗೆ ಕೈಗೆ ಸಿಕ್ಕಿದ್ದೆಲ್ಲ ಕುದುರೆಯ ಬಲಕ್ಕೆ ಹೋಗಿ ಬಂದವು. ಅಷ್ಟರಲ್ಲಿ ದೊಡ್ಡಮ್ಮ ಪಟ್ಟಿ ಕಟ್ಟಿಕೊಂಡೇ ಚೆಲ್ಲದೆ ಚಹಾ ಸುರಿಯುವುದನ್ನು ಕಲಿತಿದ್ದಳು. ಪಟ್ಟಿ ಬಿಚ್ಚಿ ಎಸೆದು, “ತಗೋತೀನಿ,” ಎಂದಳು.

ಅಪ್ಪ ಮೆತ್ತಗಾದರು. “ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ ಅಂದ್ಕೊಳ್ಳೋಣ. ಆದ್ರೆ ವ್ಯಾಪಾರಿಗೆ ಯಾಕೆ ಹೇಳಬೇಕು? ಗಾಡಿ ಕುದುರೆಗೆ ಹೇಗೂ ಎರಡೂ ಕಡೆ ಚರ್ಮದ ಕಣ್ಕಾಪು ಕಟ್ತೀವಿ. ಯಾರು ಇಣುಕಿ ನೋಡ್ತಾರೆ?”

ಅದು ನಿಜವೇ. ಹೇಳಿದರೆ ಹನ್ನೊಂದು ವರ್ಷದ ಕೆಲಸ ಹೋಗಬಹುದು, ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ನನ್ನ ಮನಸ್ಸೂ ಅಪ್ಪನ ಕಡೆಗೇ ವಾಲಿತ್ತು, ಸುಳ್ಳೇಕೆ ಹೇಳಲಿ.

ಸೋಮವಾರ ಬೆಳಿಗ್ಗೆ ಗೋದಾಮಿನ ಅಂಗಳದಲ್ಲಿ ದೊಡ್ಡಮ್ಮ ಗಾಡಿ ನಿಲ್ಲಿಸಿ, ಕಣ್ಕಾಪನ್ನು ಕೈಯಾರೆ ಬಿಚ್ಚಿದಳು.

“ಬಲಗಣ್ಣು ಇಲ್ಲ. ಎಡಗಣ್ಣು ಚೆನ್ನಾಗಿದೆ. ಅದು ಎಷ್ಟು ದಿನ ಅಂತ ನಂಗೊತ್ತಿಲ್ಲ. ಹೋದ ದಿನ ನಾನೇ ಬಂದು ಹೇಳ್ತೀನಿ. ಈಗ ನೀವು ಹೇಳಿ.”

ವ್ಯಾಪಾರಿ ಕುದುರೆಯನ್ನು ನೋಡಿದರು, ಅವಳನ್ನು ನೋಡಿದರು, ಆಮೇಲೆ ಯಾಕೋ ಜೊತೆಗೆ ಬಂದಿದ್ದ ನನ್ನನ್ನೂ ನೋಡಿದರು. ಆಳುಗಳನ್ನು ಕರೆದು ಹನ್ನೆರಡು ದೊಡ್ಡ ಗಾಜು ಏರಿಸಿ ಎಂದರು. “ನಾನೂ ಹಿಂದೆ ನಡ್ಕೊಂಡು ಬರ್ತೀನಿ. ಒಂದು ಒಡೆದ್ರೂ ಇವತ್ತಿಗೇ ಮುಗೀತು.”

ಹೊರಟೆವು. ಅವಳು ಮುಂದೆ ಕೂತು ಲಗಾಮು ಹಿಡಿದಳು, ವ್ಯಾಪಾರಿಯೂ ನಾನೂ ಶವಯಾತ್ರೆಯವರ ಹಾಗೆ ಹಿಂದೆ. ಸೈಕಲ್ ಬಂದರೆ “ಬಲಕ್ಕಮ್ಮಾ”, ತಳ್ಳುಗಾಡಿ ಬಂದರೆ “ಬಲಕ್ಕಮ್ಮಾ”. ಕಿವಿ ತಿರುಗುವುದು, ಗಾಡಿ ಸಾಗುವುದು. ಎಲ್ಲ ಸುಸೂತ್ರ. ಕೊನೆಯ ಗಲ್ಲಿಗೆ ತಿರುಗಿದಾಗ ಬಲಗಡೆ ಮಹಡಿಯಿಂದ ಯಾರೋ ಒದ್ದೆ ಕಂಬಳಿಯನ್ನು ಧೊಪ್ಪೆಂದು ಕೆಳಗೆ ಎಸೆದರು. ಅದು ಬಿದ್ದದ್ದು ಕುದುರೆಯ ಭುಜದ ಪಕ್ಕಕ್ಕೆ. ದೊಡ್ಡಮ್ಮನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ವ್ಯಾಪಾರಿ ನನ್ನ ತೋಳು ಹಿಡಿದುಕೊಂಡರು. ಗಾಜುಗಳು ಒಂದು ಸಲ ಝಲ್ಲೆಂದವು. ಕುದುರೆ ನಿಂತಿತು, ಕಿವಿ ಆಡಿಸಿತು, ತಲೆಯನ್ನು ಪೂರ್ತಿ ಬಲಕ್ಕೆ ತಿರುಗಿಸಿ ಎಡಗಣ್ಣಿನಿಂದ ಕಂಬಳಿಯನ್ನು ನಿಧಾನವಾಗಿ ನೋಡಿತು. ಆಮೇಲೆ ತಾನಾಗಿಯೇ ಹೊರಟಿತು; ಫೋಟೋಗೆ ಕಟ್ಟು ಹಾಕುವವರ ಅಂಗಡಿಯ ಮುಂದೆ ದೊಡ್ಡಮ್ಮ “ಹೋ” ಎಂದಾಗ ನಿಂತಿತು.

ವ್ಯಾಪಾರಿ ಹನ್ನೆರಡೂ ಗಾಜನ್ನು ಬೆರಳಿಂದ ತಟ್ಟಿ ನೋಡಿ, “ನಾಳೆ ಎಂಟು ಗಂಟೆಗೆ ಬಂದುಬಿಡಿ,” ಎಂದು ಹೊರಟುಹೋದರು.

ನಾನು ಓಡಿಹೋಗಿ ದೊಡ್ಡಮ್ಮನ ಕೈ ಹಿಡಿದುಕೊಂಡೆ. “ಆ ಕಂಬಳಿ ಬಿದ್ದಾಗ ಲಗಾಮು ಹೇಗೆ ಹಿಡಿದೆ ದೊಡ್ಡಮ್ಮ? ಏನು ಮಾಡಿದೆ?” ಎಂದು ಕೇಳಿದೆ.

“ಏನ್ ಮಾಡ್ತೀನಿ? ಲಗಾಮು ಬಿಟ್ಟು ಎರಡೂ ಕಣ್ಣು ಮುಚ್ಕೊಂಡುಬಿಟ್ಟೆ,” ಎಂದಳು ಅವಳು. “ಆ ಗಲ್ಲೀಲಿ ನಮ್ಮಿಬ್ಬರಿಗೂ ಸೇರಿ ಇದ್ದಿದ್ದು ಒಂದೇ ಕಣ್ಣು ಕಣೇ. ಅದೂ ಅದರದ್ದು.”